ಹುದುಗು, ಹುಳಿ, ಕೊಳೆ: ಬ್ಯಾಕ್ಟೀರಿಯಾ ಮಾಡುವ ಕೆಲಸಕ್ಕೆ ಯಾವ ಪದ?

ಎಲ್ಲರಿಗೂ ಶರಣು.

ಬೀದರ್ ಕಡೆ ಡಿಪ್ಲೊಮಾ ಮುಗಿಸಿ ಡಿಸ್ಟಿಲರಿ ಕೆಲಸಕ್ಕೆ ಸೇರುವ ಹುಡುಗರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕಾಕಂಬಿಯಿಂದ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ಯೀಸ್ಟ್ ಎಥನಾಲ್ ತೆಗೆಯುವ ಅಧ್ಯಾಯ ಸರಾಗವಾಗಿ ಮುಗಿಯಿತು. ಮುಂದಿನದು ಬ್ಯಾಕ್ಟೀರಿಯಾಗಳದ್ದು: ಅವು ಆಲ್ಕೊಹಾಲ್ ತಯಾರಿಸುವುದು, ತಯಾರಾದ ಆಲ್ಕೊಹಾಲನ್ನು ಇನ್ನೊಂದು ವಸ್ತುವಾಗಿ ಮಾರ್ಪಡಿಸುವುದು. ಈ ಎರಡಕ್ಕೂ ಬೇರೆ ಬೇರೆ ಕ್ರಿಯಾಪದ ಬೇಕಾಗಿದೆ.

ಮೊದಲು ಸಣ್ಣ ತಕರಾರು ಮುಗಿಸಿಬಿಡುತ್ತೇನೆ. 'ಮದ್ಯಸಾರ' ಬಳಸುವುದಿಲ್ಲ. ಎಥನಾಲಿಗೆ ಅದು ಒಪ್ಪೀತು. ಬಣ್ಣ, ವಾರ್ನಿಶ್‌ಗಳಿಗೆ ಹೋಗುವ ಬ್ಯೂಟನಾಲಿಗೂ ಕುಡಿದರೆ ಕಣ್ಣು ಕಳೆಯುವ ಮೆಥನಾಲಿಗೂ ಅದೇ ಹೆಸರಿಟ್ಟು ಡ್ರಮ್ಮಿನ ಮೇಲೆ ಬರೆದರೆ ಯಾರಾದರೂ ಮೊದಲ ಎರಡಕ್ಷರ ಮಾತ್ರ ಓದಿಯಾರು. ಆಲ್ಕೊಹಾಲ್ ಅಂತಲೇ ಇರಲಿ.

ಇನ್ನು ಫರ್ಮೆಂಟೇಶನ್‌ಗೆ ಬಳಸುವ 'ಕಿಣ್ವನ'. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಿಣ್ವ ಎಂದರೆ ಸುರೆಗೆ ಬೆರೆಸುವ ಹುದುಗು. ನಮ್ಮ ಪಠ್ಯಪುಸ್ತಕದಲ್ಲಿ ಅದೇ ಕಿಣ್ವ ಎನ್‌ಜೈಮ್ ಆಗಿದೆ. 1897ರಲ್ಲಿ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಅರೆದು, ಜೀವಕೋಶವಿಲ್ಲದ ರಸದಿಂದಲೇ ಸಕ್ಕರೆಯನ್ನು ಆಲ್ಕೊಹಾಲ್ ಮಾಡಿ ತೋರಿಸಿದ ಮೇಲೆ ಜೀವಿಗೊಂದು, ಅದರೊಳಗಿನ ರಸವಸ್ತುವಿಗೊಂದು ಹೆಸರು ಬೇಕೇ ಬೇಕು. 'ಕಿಣ್ವನ' ಎಂದು ಬರೆದರೆ ಹುಡುಗರು ಎನ್‌ಜೈಮ್ ಪಾಠ ಎಂದುಕೊಳ್ಳುತ್ತಾರೆ.

'ಕೊಳೆ' ನನಗೆ ಇಷ್ಟ. ಅಬಕಾರಿ ದಾಳಿಯ ಸುದ್ದಿಗಳಲ್ಲಿ 'ಬೆಲ್ಲದ ಕೊಳೆ ನಾಶ' ಅಂತ ಓದಿಯೇ ಇರುತ್ತೀರಿ. ಭಟ್ಟಿ ಇಳಿಸುವ ಮೊದಲು ಹುದುಗುತ್ತಿರುವ ದ್ರವ ಅದು, ಕಾರ್ಖಾನೆಯವರು ವಾಶ್ ಅನ್ನುವುದೂ ಅದನ್ನೇ. ಆದರೆ ಕಳ್ಳಭಟ್ಟಿಯ ವಾಸನೆ ಅಂಟಿಕೊಂಡ ಪದವನ್ನು ಯಾವ ಮ್ಯಾನೇಜರ್ ಒಪ್ಪುತ್ತಾನೆ?

ನಮ್ಮ ಕಡೆಯ ಬಾಯಿಮಾತಿನಲ್ಲಿ ದಾರಿ ಇದೆ ಅನ್ನಿಸಿತ್ತು. ಮರದಿಂದ ಇಳಿಸಿದ ಸೇಂದಿ ಮೊದಲು ಸಿಹಿ, ಆಮೇಲೆ ನೊರೆ ಎದ್ದು ಖಡಕ್ ಆಗುತ್ತದೆ, ಬಿಟ್ಟರೆ 'ಹುಳಿ ಬಂದದ' ಅನ್ನುತ್ತಾರೆ. ನೊರೆ ಏಳಿಸುವ ಕೆಲಸ ಯೀಸ್ಟಿನದು, ಜೊತೆಗೆ ತಾಳೆ ಜಾತಿಯ ಮರಗಳ ರಸದಲ್ಲಿ ಸಿಗುವ ಜೈಮೊಮೊನಾಸ್ ಎಂಬ ಬ್ಯಾಕ್ಟೀರಿಯಾದ್ದು. ಇದೂ ಸಕ್ಕರೆಯಿಂದ ಎಥನಾಲ್ ಮಾಡುತ್ತದೆ. ಹುಳಿ ಬರಿಸುವುದು ಅಸಿಟೊಬ್ಯಾಕ್ಟರ್. ಅದಕ್ಕೆ ಗಾಳಿ ಬೇಕು, ಎಥನಾಲನ್ನು ಅಸಿಟಿಕ್ ಆಮ್ಲ ಮಾಡುತ್ತದೆ, ವಿನಿಗರ್ ಕಾರ್ಖಾನೆಯ ಆಳೂ ಅದೇ. ಪುಸ್ತಕ ಎರಡನ್ನೂ 'ಹುದುಗುವಿಕೆ' ಅಂದುಬಿಡುತ್ತದೆ, ಸೇಂದಿ ಕುಡಿಯುವವನ ನಾಲಿಗೆ ಬೇರೆ ಮಾಡುತ್ತದೆ. ಹಾಗಾಗಿ ಆಲ್ಕೊಹಾಲ್ ತಯಾರಿಸುವುದಕ್ಕೆ 'ಹುದುಗಿಸು', ಮಾರ್ಪಡಿಸುವುದಕ್ಕೆ 'ಹುಳಿಸು' ಎಂದಿಟ್ಟುಕೊಂಡೆ.

ಕ್ಲಾಸ್ಟ್ರಿಡಿಯಂ ಅಸಿಟೊಬ್ಯುಟಿಲಿಕಂ ಬಂದು ಈ ಜೋಡಿಯನ್ನು ತಲೆಕೆಳಗು ಮಾಡಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಕಾರ್ಡೈಟ್ ಎಂಬ ಸಿಡಿಮದ್ದು ತಯಾರಿಸಲು ಅಸಿಟೋನ್ ಎಂಬ ದ್ರಾವಕ ಬೇಕಾದಾಗ ರಸಾಯನಶಾಸ್ತ್ರಜ್ಞ ಖೈಮ್ ವೈಜ್‌ಮನ್ ಕೈಗೆತ್ತಿಕೊಂಡ ಬ್ಯಾಕ್ಟೀರಿಯಾ ಇದು. ಗಾಳಿ ಸೋಕದ ಪೀಪಾಯಿಯಲ್ಲಿ ಪಿಷ್ಟ ತಿಂದು ಅಸಿಟೋನ್, ಬ್ಯೂಟನಾಲ್, ಎಥನಾಲ್ ಕೊಡುತ್ತದೆ, ಹೆಚ್ಚುಕಡಿಮೆ 3:6:1ರ ಪ್ರಮಾಣದಲ್ಲಿ. ಆದರೆ ಕೊಡುವ ಕ್ರಮ ನೋಡಿ: ಮೊದಲು ಅಸಿಟಿಕ್, ಬ್ಯುಟಿರಿಕ್ ಆಮ್ಲ ಮಾಡಿ ಪೀಪಾಯಿಯನ್ನು ಹುಳಿಗಟ್ಟಿಸುತ್ತದೆ. ಹುಳಿ ಏರಿದ ಮೇಲೆ ಹಾದಿ ಬದಲಿಸಿ, ಆ ಆಮ್ಲಗಳನ್ನೇ ಬಹುಪಾಲು ಮರಳಿ ಒಳಗೆಳೆದುಕೊಂಡು ಅಸಿಟೋನ್, ಬ್ಯೂಟನಾಲ್ ಮಾಡುತ್ತದೆ. ಸೇಂದಿಯಲ್ಲಿ ಅಮಲು ಮೊದಲು, ಹುಳಿ ಆಮೇಲೆ. ಇಲ್ಲಿ ಹುಳಿಯಿಂದಲೇ ಆಲ್ಕೊಹಾಲ್. (ಬ್ಯೂಟನಾಲ್ ಶೇ 1–2 ದಾಟುವಷ್ಟರಲ್ಲಿ ಅದಕ್ಕೇ ವಿಷವಾಗುತ್ತದೆ. ಅದು ಬೇರೆ ಕಥೆ.) ಈ ಎರಡನೇ ಹಂತವನ್ನು 'ಹುಳಿಸು' ಅನ್ನುವುದು ಹೇಗೆ?

ಇನ್ನೊಂದು ಉದಾಹರಣೆಯೂ ಕಾಡುತ್ತಿದೆ. ವಿಟಮಿನ್ ಸಿ ತಯಾರಿಕೆಯಲ್ಲಿ ಸಾರ್ಬಿಟಾಲ್ ಎಂಬ ಸಕ್ಕರೆ-ಆಲ್ಕೊಹಾಲನ್ನು ಗ್ಲುಕೊನೊಬ್ಯಾಕ್ಟರ್ ಸಾರ್ಬೋಸ್ ಆಗಿ ಮಾರ್ಪಡಿಸುತ್ತದೆ. ಅಸಿಟೊಬ್ಯಾಕ್ಟರಿನ ಹತ್ತಿರದ ನೆಂಟ, ಕೆಲಸಕ್ಕೆ ಗಾಳಿಯೂ ಬೇಕು, ಆದರೆ ಸಾರ್ಬೋಸ್ ಸಕ್ಕರೆ, ಹುಳಿಯಲ್ಲ.

'ಪರಿವರ್ತಿಸು' ಇದೆಯಲ್ಲ ಅನ್ನಬೇಡಿ. ಡಾಲರನ್ನು ರೂಪಾಯಿ ಮಾಡುವುದಕ್ಕೂ ಅದೇ ಪದ. ಒಂದು ಜೀವಿ ಕೆಲಸ ಮಾಡುತ್ತಿದೆ ಎಂಬ ಸುಳಿವೇ ಅದರಲ್ಲಿಲ್ಲ. ಹೆಪ್ಪು ಹಾಕುವುದರಿಂದ 'ಹೆಪ್ಪಿಸು' ಮಾಡಬಹುದೇ ಅಂತ ಒಮ್ಮೆ ಯೋಚಿಸಿದೆ. ಹೆಪ್ಪು ಅಂದಕೂಡಲೇ ಗಟ್ಟಿಯಾಗುವುದು ಕಣ್ಣಿಗೆ ಬರುತ್ತದೆ, ಇಲ್ಲಿ ಎಲ್ಲವೂ ದ್ರವ. ಬಿಟ್ಟೆ.

ಕೇಳುವುದು ಎರಡು. ಚಿಂಚೋಳಿ, ಆಳಂದ, ಸುರಪುರ ಕಡೆ ಸೇಂದಿ ಇಳಿಸುವ ಮನೆತನಗಳವರು ಸಿಹಿಯಿಂದ ಖಡಕ್, ಖಡಕ್‌ನಿಂದ ಹುಳಿಗೆ ದಾಟುವುದಕ್ಕೆ ಬೇರೆ ಬೇರೆ ಕ್ರಿಯಾಪದ ಬಳಸುತ್ತಾರೆಯೇ? ಎರಡನೆಯದು, ಡಿಸ್ಟಿಲರಿಯಲ್ಲಿ ಪಾಳಿ ಮಾಡುವವರಿಗೆ: ವಾಶಿನಲ್ಲಿ ಬೇಡದ ಬ್ಯಾಕ್ಟೀರಿಯಾ ಸೇರಿ ಎಥನಾಲ್ ಕಡಿಮೆಯಾದಾಗ 'ಇನ್ಫೆಕ್ಷನ್ ಆಗ್ಯದ' ಅನ್ನುವುದು ಕೇಳಿದ್ದೇನೆ. ಅದಕ್ಕೆ ಕನ್ನಡದ್ದೋ ದಖನಿಯದೋ ಬೇರೆ ಮಾತು ಬಳಕೆಯಲ್ಲಿದ್ದರೆ ವಾಕ್ಯದ ಸಮೇತ ಬರೆಯಿರಿ, ಬರೀ ಪದ ಸಾಲದು.