ಸ್ಲಾಶರ್ ದುರಸ್ತಿ ಪ್ರಶ್ನೋತ್ತರ: ಕ್ಲಚ್ ಒತ್ತಿದರೂ ನಿಲ್ಲದ ಟ್ರ್ಯಾಕ್ಟರ್ ಮತ್ತು ಇತರ ಪ್ರಶ್ನೆಗಳು

ಅಡ್ಮಿನ್: ಮಳೆ ಹಿಡಿದ ಮೇಲೆ ತೋಟಗಳಲ್ಲಿ ಕಳೆ ಸೊಂಟದೆತ್ತರ ಬಂದಿದೆ. ಟ್ರ್ಯಾಕ್ಟರ್ ಹಿಂದೆ ಕಟ್ಟಿ ಕಳೆ ಕತ್ತರಿಸುವ ಸ್ಲಾಶರ್‌ಗಳ ದುರಸ್ತಿ ಬಗ್ಗೆ ದಾವಣಗೆರೆ ಕಡೆಯ ಮೆಕ್ಯಾನಿಕ್ ಒಬ್ಬರು ಇಂದು ಸಂಜೆ ಉತ್ತರಿಸಲು ಒಪ್ಪಿದ್ದಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಟ್ರ್ಯಾಕ್ಟರ್ ಎಷ್ಟು ಎಚ್‌ಪಿ, ಸ್ಲಾಶರ್ ಎಷ್ಟು ಅಡಿ ಎಂಬುದನ್ನು ತಪ್ಪದೆ ಬರೆಯಿರಿ.

ಹಾವೇರಿ ಮೆಕ್ಕೆಜೋಳ: ನಮಸ್ಕಾರ ಸರ್. 45 ಎಚ್‌ಪಿ, ಐದು ಅಡಿ. ಶಿಯರ್ ಬೋಲ್ಟ್ ಪದೇ ಪದೇ ತುಂಡಾಗುತ್ತಿದೆ. 12.9 ಗ್ರೇಡಿನ ಗಟ್ಟಿ ಬೋಲ್ಟ್ ಹಾಕಬಹುದೇ?

ಮೆಕ್ಯಾನಿಕ್: ನಮಸ್ಕಾರ. ಹಾಕಬೇಡಿ. ಅದು ತುಂಡಾಗಲೆಂದೇ ಇಟ್ಟಿರುವ ಬೋಲ್ಟು. ಅದು ಮುರಿಯದಿದ್ದರೆ ಗೇರ್‌ಬಾಕ್ಸಿನ ಹಲ್ಲು ಮುರಿಯುತ್ತದೆ, ಇಲ್ಲವೇ ಟ್ರ್ಯಾಕ್ಟರಿನ ಪಿಟಿಒ ಶಾಫ್ಟ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಯಂತ್ರಕ್ಕೆ ಕೊಡುವ ಶಾಫ್ಟ್, ತಿರುಚಿಕೊಳ್ಳುತ್ತದೆ. ಯಂತ್ರದ ಕೈಪಿಡಿಯಲ್ಲಿ 8.8 ಎಂದಿದ್ದರೆ 8.8 ಮಾತ್ರ, ಬೋಲ್ಟಿನ ತಲೆಯ ಮೇಲೆ ಅಚ್ಚು ಇರುತ್ತದೆ, ನೋಡಿ ಕೊಳ್ಳಿ. ಪದೇ ಪದೇ ಮುರಿಯಲು ಕಾರಣ ಬೇರೆ ಕಡೆ ಇದೆ. ಎಂಜಿನ್ ವೇಗವಾಗಿ ಓಡುತ್ತಿರುವಾಗಲೇ ಪಿಟಿಒ ಹಾಕುತ್ತಿದ್ದೀರಾ? ಆಕ್ಸಿಲರೇಟರ್ ಇಳಿಸಿ ಪಿಟಿಒ ಹಾಕಿ, ಬ್ಲೇಡು ತಿರುಗಲು ಶುರುವಾದ ಮೇಲೆ ಪಿಟಿಒ ವೇಗವನ್ನು ನಿಧಾನವಾಗಿ ನಿಮಿಷಕ್ಕೆ 540 ಸುತ್ತಿಗೆ ಏರಿಸಿ. ಬೋಲ್ಟಿನ ರಂಧ್ರ ಸವೆದು ಮೊಟ್ಟೆಯಾಕಾರವಾಗಿದೆಯೇ ಎಂದೂ ನೋಡಿ.

ತಿಪಟೂರು ತೆಂಗು: ಗೇರ್‌ಬಾಕ್ಸಿನ ಕೆಳಗಿನ ಸೀಲಿನಿಂದ ಎಣ್ಣೆ ಸೋರುತ್ತಿದೆ. ಈ ವರ್ಷ ಎರಡನೆಯ ಸಲ ಸೀಲ್ ಬದಲಿಸಿದರೂ ನಿಂತಿಲ್ಲ. 50 ಎಚ್‌ಪಿ, ಆರು ಅಡಿ.

ಮೆಕ್ಯಾನಿಕ್: ತೋಟದಲ್ಲಿ ಹನಿ ನೀರಾವರಿ ಇದೆಯೇ?

ತಿಪಟೂರು ತೆಂಗು: ಇದೆ ಸರ್.

ಮೆಕ್ಯಾನಿಕ್: ಹಾಗಾದರೆ ಬ್ಲೇಡಿನ ತಟ್ಟೆ ಬಿಚ್ಚಿ ಶಾಫ್ಟಿನ ಬುಡ ನೋಡಿ. ಹಳೆಯ ಲ್ಯಾಟರಲ್ ಪೈಪಿನ ತುಂಡು, ನೈಲಾನ್ ದಾರ, ತೆಂಗಿನ ನಾರು ಅಲ್ಲಿ ಸುತ್ತಿಕೊಂಡು, ಬಿಸಿಯಾಗಿ, ಸೀಲಿನ ತುಟಿಯನ್ನು ತಿಂದುಹಾಕುತ್ತವೆ. ಅದನ್ನು ಕತ್ತರಿಸಿ ತೆಗೆಯದೆ ಎಷ್ಟು ಸೀಲ್ ಹಾಕಿದರೂ ವ್ಯರ್ಥ. ಎರಡನೆಯದಾಗಿ, ಗೇರ್‌ಬಾಕ್ಸಿನ ಮೇಲಿನ ಬ್ರೀದರ್ (ಒಳಗಿನ ಗಾಳಿ ಹೊರಹೋಗುವ ಕಿಂಡಿ) ದೂಳಿನಿಂದ ಕಟ್ಟಿಕೊಂಡಿದ್ದರೆ ಒಳಗಿನ ಗಾಳಿ ಬಿಸಿಯಾಗಿ ಎಣ್ಣೆಯನ್ನು ಕೆಳಕ್ಕೆ ತಳ್ಳುತ್ತದೆ. ಅದನ್ನು ಡೀಸೆಲ್‌ನಲ್ಲಿ ತೊಳೆಯಿರಿ. ಕೊನೆಯದಾಗಿ ಬ್ಲೇಡಿನ ತಟ್ಟೆಯನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಆಟ ಇದ್ದರೆ ಬೇರಿಂಗ್ ಹೋಗಿದೆ. ಇದನ್ನೆಲ್ಲ ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಂಡು, ಪಿಟಿಒ ಶಾಫ್ಟ್ ಕಳಚಿ, ಸ್ಲಾಶರ್ ಕೆಳಗೆ ದಪ್ಪ ಮರದ ದಿಮ್ಮಿ ಕೊಟ್ಟು ಮಾಡಿ. ಹೈಡ್ರಾಲಿಕ್ ಎತ್ತಿ ಹಿಡಿದಿದೆ ಎಂದು ನಂಬಿ ಕೆಳಗೆ ನುಗ್ಗಬೇಡಿ.

ಮಂಡ್ಯ ಕಬ್ಬು: ತಿಪಟೂರಿನ ಅಣ್ಣನವರೇ, ಇಷ್ಟೆಲ್ಲ ಬೇಡ. ಬೇರೆ ಗುಂಪಿನಲ್ಲಿ ಬಂದದ್ದು: «ಗೇರ್‌ಬಾಕ್ಸಿನ ಎಣ್ಣೆ ಪೂರ್ತಿ ತೆಗೆದು ಗಟ್ಟಿ ಗ್ರೀಸ್ ತುಂಬಿರಿ, ಜೀವನಪೂರ್ತಿ ಸೋರುವುದಿಲ್ಲ. ಶಬ್ದ ಬಂದರೆ ಒಂದು ಹಿಡಿ ಮರದ ಹೊಟ್ಟು ಸೇರಿಸಿ. ಎಲ್ಲ ರೈತರಿಗೂ ಕಳುಹಿಸಿ.»

ಮೆಕ್ಯಾನಿಕ್: ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಗಟ್ಟಿ ಗ್ರೀಸಿನಲ್ಲಿ ಹಲ್ಲು ತನಗೊಂದು ದಾರಿ ಕೊರೆದುಕೊಂಡು ಒಣಗಿಯೇ ತಿರುಗುತ್ತದೆ. ಗ್ರೀಸ್ ಪಕ್ಕಕ್ಕೆ ಸರಿದು ಅಲ್ಲೇ ಕೂರುತ್ತದೆ, ಮೇಲಿನ ಬೇರಿಂಗಿಗೆ ಒಂದು ಹನಿಯೂ ತಲುಪುವುದಿಲ್ಲ. ಕಂಪನಿಯೇ ತೆಳು ಗ್ರೀಸ್ ಹೇಳಿದ್ದರೆ ಆ ಮಾತು ಬೇರೆ; ಉಳಿದ ಕಡೆ 90ರ ಇಪಿ (ಹೆಚ್ಚು ಒತ್ತಡ ತಾಳುವ) ಗೇರ್ ಎಣ್ಣೆ, ಎಣ್ಣೆಯ ಮಟ್ಟ ನೋಡುವ ಲೆವೆಲ್ ಪ್ಲಗ್ಗಿನವರೆಗೆ, ಅದಕ್ಕಿಂತ ಮೇಲಕ್ಕೆ ಬೇಡ. ಮರದ ಹೊಟ್ಟು ಹಾಕಿದರೆ ಶಬ್ದ ಅಡಗುತ್ತದೆ, ರೋಗ ಉಳಿಯುತ್ತದೆ. ಹಳೆಯ ಗಾಡಿ ಮಾರುವವರ ಮೋಸ ಅದು.

ಶಿಗ್ಗಾವಿ ಯುವಕ: ಸರ್, ಶಿಯರ್ ಬೋಲ್ಟ್ 10.9 ಹಾಕಿದರೆ ನಡೆಯುತ್ತದೆಯೇ?

ಮೆಕ್ಯಾನಿಕ್: ಇಲ್ಲ. ಮೊದಲ ಉತ್ತರ ಓದಿ.

ಚನ್ನಗಿರಿ ಅಡಿಕೆ: ಸರ್, ನಮ್ಮದು ಹಳೆಯ 24 ಎಚ್‌ಪಿ ಮಿನಿ ಟ್ರ್ಯಾಕ್ಟರ್. ಈ ವರ್ಷ ನಾಲ್ಕು ಅಡಿ ಸ್ಲಾಶರ್ ತಂದೆವು. ಸ್ಲಾಶರ್ ಓಡುತ್ತಿರುವಾಗ ಕ್ಲಚ್ ಒತ್ತಿದರೆ ಟ್ರ್ಯಾಕ್ಟರ್ ನಿಲ್ಲುವುದಿಲ್ಲ, ಐದಾರು ಅಡಿ ಮುಂದೆ ಹೋಗಿಬಿಡುತ್ತದೆ. ಬ್ರೇಕ್ ಸರಿ ಮಾಡಿಸಿದೆವು, ಹೆಚ್ಚು ವ್ಯತ್ಯಾಸ ಆಗಿಲ್ಲ. ಓಡಿಸುವುದು ನನ್ನ ತಮ್ಮ. ತೋಟದ ನಡುವೆ ತೆರೆದ ಬಾವಿ ಇದೆ, ಕಟ್ಟೆ ಇಲ್ಲ.

ಮಂಡ್ಯ ಕಬ್ಬು: ಬ್ರೇಕ್ ಲೈನರ್ ಕಳಪೆ ಹಾಕಿರುತ್ತಾರೆ. ಒಳ್ಳೆಯದು ಹಾಕಿಸಿ.

ಗೋಕಾಕ ಕಬ್ಬು: ಲೈನರ್ ಅಲ್ಲ, ಕ್ಲಚ್ ಪ್ಲೇಟ್ ಅಂಟಿಕೊಂಡಿದೆ. ಪೆಡಲಿನ ಆಟ ಸರಿಮಾಡಿಸಿ.

ಮೆಕ್ಯಾನಿಕ್: ಚನ್ನಗಿರಿಯವರೇ, ಸ್ಲಾಶರ್ ಕೆಲಸವನ್ನು ಇಂದೇ ನಿಲ್ಲಿಸಿ. ತಮ್ಮನಿಗೆ ಈಗಲೇ ಫೋನ್ ಮಾಡಿ ಹೇಳಿ, ಆಮೇಲೆ ಮುಂದೆ ಓದಿ.

ಇದು ಬ್ರೇಕಿನ ದೋಷವೂ ಅಲ್ಲ, ಕ್ಲಚ್ಚಿನ ದೋಷವೂ ಅಲ್ಲ. ನಿಮ್ಮ ಟ್ರ್ಯಾಕ್ಟರ್ ಸಿಂಗಲ್ ಕ್ಲಚ್ಚಿನದು ಎನಿಸುತ್ತದೆ. ಅದರಲ್ಲಿ ಪಿಟಿಒ ಮತ್ತು ಚಕ್ರದ ಗೇರು ಎರಡೂ ಒಂದೇ ಕ್ಲಚ್ಚಿನ ಹಿಂದೆ ಜೋಡಿಕೊಂಡಿರುತ್ತವೆ. ಪೆಡಲ್ ಒತ್ತಿದಾಗ ಎಂಜಿನ್ ಮಾತ್ರ ಬಿಡುತ್ತದೆ. ಭಾರದ ಬ್ಲೇಡು ಮತ್ತು ತಟ್ಟೆ ತಮ್ಮ ವೇಗದಲ್ಲಿ ತಿರುಗುತ್ತಲೇ ಇರುತ್ತವೆ. ಆ ಶಕ್ತಿ ಪಿಟಿಒ ಶಾಫ್ಟಿನ ಮೂಲಕ ಹಿಂದಿನಿಂದ ಗೇರ್‌ಬಾಕ್ಸಿಗೆ ನುಗ್ಗಿ ಚಕ್ರವನ್ನು ತಿರುಗಿಸುತ್ತದೆ. ಸ್ಲಾಶರ್ರೇ ಎಂಜಿನ್ ಆಗಿ ಟ್ರ್ಯಾಕ್ಟರನ್ನು ತಳ್ಳುತ್ತಿದೆ. ಮಿನಿ ಟ್ರ್ಯಾಕ್ಟರಿನ ತೂಕ ಕಡಿಮೆ, ಆದ್ದರಿಂದ ಇನ್ನೂ ಸುಲಭವಾಗಿ ತಳ್ಳುತ್ತದೆ. ಒದ್ದೆ ಹುಲ್ಲಿನ ಮೇಲೆ ಬ್ರೇಕ್ ಹಿಡಿದರೂ ಟೈರು ಜಾರುತ್ತದೆ. ಆ ಕ್ಷಣದಲ್ಲಿ ಹಲ್ಲುಗಳ ಮೇಲೆ ಒತ್ತಡ ಇರುವುದರಿಂದ ಗೇರ್ ಲಿವರ್ ಆಗಲಿ ಪಿಟಿಒ ಲಿವರ್ ಆಗಲಿ ಸುಲಭವಾಗಿ ಬಿಡುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. ಬಾವಿ, ಬದು, ಮರ, ಮನುಷ್ಯರು ಯಾರೂ ಯಾವುದೂ ಇಲ್ಲದ ಬಯಲಿನಲ್ಲಿ, ಪಿಟಿಒ ತೆಗೆದು ಅದೇ ಗೇರಿನಲ್ಲಿ ಓಡಿಸಿ ಕ್ಲಚ್ ಒತ್ತಿ. ತಕ್ಷಣ ನಿಂತರೆ ಕ್ಲಚ್ ಸರಿ ಇದೆ. ಆಮೇಲೆ ಸ್ಲಾಶರ್ ತಿರುಗಿಸಿ ನಿಧಾನದ ಗೇರಿನಲ್ಲಿ ಅದನ್ನೇ ಮಾಡಿ. ಆಗ ಮಾತ್ರ ಮುಂದೆ ಹೋದರೆ ನಾನು ಹೇಳಿದ್ದೇ ಕಾರಣ.

ಪರಿಹಾರಕ್ಕೆ ಓವರ್ ರನ್ನಿಂಗ್ ಕ್ಲಚ್ ಎಂಬ ಭಾಗ ಇದೆ. ಟ್ರ್ಯಾಕ್ಟರಿನ ಪಿಟಿಒ ಮೇಲೆ ಕೂರುತ್ತದೆ. ಸೈಕಲ್ ಪೆಡಲ್ ನಿಲ್ಲಿಸಿದರೂ ಹಿಂದಿನ ಚಕ್ರ ಫ್ರೀ ವೀಲಿನಲ್ಲಿ ತಿರುಗುವಂತೆ, ಬ್ಲೇಡು ತಾನಾಗಿ ತಿರುಗಿ ನಿಲ್ಲುತ್ತದೆ, ಶಕ್ತಿ ಹಿಂದಕ್ಕೆ ಬರುವುದಿಲ್ಲ. ಡ್ಯುಯಲ್ ಕ್ಲಚ್ ಅಥವಾ ಸ್ವತಂತ್ರ ಪಿಟಿಒ ಇರುವ ಟ್ರ್ಯಾಕ್ಟರುಗಳಲ್ಲಿ ಈ ತೊಂದರೆ ಇರುವುದಿಲ್ಲ. ಶಿಯರ್ ಬೋಲ್ಟ್ ಇದರಿಂದ ಕಾಪಾಡುವುದಿಲ್ಲ, ಅಷ್ಟು ಹೊಡೆತ ಅದಕ್ಕೆ ಬೀಳುವುದೇ ಇಲ್ಲ.

ಇನ್ನೊಂದು ಮಾತು. ಉಳುಮೆಯಲ್ಲಿ ತಿರುಗಿಸಲು ಅನುಕೂಲವೆಂದು ಎಡ ಬಲ ಬ್ರೇಕ್ ಪೆಡಲುಗಳ ಕೊಂಡಿ ಬಿಚ್ಚಿರುತ್ತಾರೆ. ಈಗಲೇ ಹಾಕಿಸಿ. ಗಾಬರಿಯಲ್ಲಿ ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಒಂದು ಬದಿಗೆ ತಿರುಗಿ ಬೀಳುತ್ತದೆ. ಬಾವಿಯ ಸುತ್ತಲಿನ ಕಳೆಯನ್ನು ಕುಡುಗೋಲಿನಿಂದಲೋ ಹೆಗಲಿಗೆ ಹಾಕುವ ಕಟರಿನಿಂದಲೋ ತೆಗೆಯಿರಿ. ಓವರ್ ರನ್ನಿಂಗ್ ಕ್ಲಚ್ ಹಾಕಿದ ಮೇಲೂ ಅಲ್ಲಿಗೆ ಟ್ರ್ಯಾಕ್ಟರ್ ಬೇಡ.

ಗೋಕಾಕ ಕಬ್ಬು: ನಮ್ಮ ಅಪ್ಪ ಇಂಥದೇ ಟ್ರ್ಯಾಕ್ಟರಿನಲ್ಲಿ ಎಷ್ಟೋ ವರ್ಷ ಕೆಲಸ ಮಾಡಿದರು, ಏನೂ ಆಗಲಿಲ್ಲ.

ಮೆಕ್ಯಾನಿಕ್: ಅವರು ನೇಗಿಲು, ಕುಂಟೆ ಹೊಡೆದಿರಬಹುದು. ಅವುಗಳಲ್ಲಿ ತಿರುಗುವ ಭಾರ ಇಲ್ಲ. ರೊಟವೇಟರ್ ಆದರೂ ಮಣ್ಣು ಅದನ್ನು ಬೇಗ ಹಿಡಿದು ನಿಲ್ಲಿಸುತ್ತದೆ. ಸ್ಲಾಶರಿನ ಬ್ಲೇಡನ್ನು ಗಾಳಿಯಲ್ಲಿ ಹಿಡಿಯುವವರು ಯಾರು?

ಶ್ರೀನಿವಾಸಪುರ ಮಾವು: ಸರ್, ಮಾವಿನ ತೋಟ, 42 ಎಚ್‌ಪಿ, ಐದು ಅಡಿ. ಒಂದು ಬ್ಲೇಡ್ ಕಲ್ಲಿಗೆ ಹೊಡೆದು ಬಾಗಿತು. ಅದೊಂದನ್ನು ಕುಲುಮೆಯಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಸಿ ಹಾಕಿದೆ. ಈಗ ಟ್ರ್ಯಾಕ್ಟರ್ ಪೂರ್ತಿ ನಡುಗುತ್ತದೆ.

ಗೋಕಾಕ ಕಬ್ಬು: ನಮ್ಮ ಕಡೆ ಎಲ್ಲರೂ ಪಟ್ಟಿಯದ್ದೇ ಹಾಕುವುದು. ಕಂಪನಿಯ ಬ್ಲೇಡಿಗಿಂತ ಗಟ್ಟಿ, ಬೆಲೆಯೂ ಕಡಿಮೆ.

ತಿಪಟೂರು ತೆಂಗು: ಗಟ್ಟಿ ಎಂದರೆ ಒಳ್ಳೆಯದು ಎಂದಲ್ಲ. ಪಕ್ಕದ ಊರಿನಲ್ಲಿ ಪಟ್ಟಿಯ ಬ್ಲೇಡ್ ತುಂಡಾಗಿ ತೆಂಗಿನ ಮರಕ್ಕೆ ನಾಟಿಕೊಂಡಿತ್ತು.

ಗೋಕಾಕ ಕಬ್ಬು: ನೀವು ಬಿಡಿಭಾಗದ ಅಂಗಡಿಯವರೇ? ಕಮ್ಮಾರರ ಹೊಟ್ಟೆಯ ಮೇಲೆ ಏಕೆ ಹೊಡೆಯುತ್ತೀರಿ?

ತಿಪಟೂರು ತೆಂಗು: ನಾನು ರೈತ. ನೀವು ಮರ್ಯಾದೆಯಿಂದ ಮಾತನಾಡಿ.

ಸಾವಯವ ಮಿತ್ರ: ಕಳೆಯನ್ನು ಕತ್ತರಿಸುವುದೇ ತಪ್ಪು. ಅದು ಮಣ್ಣಿನ ಹೊದಿಕೆ. ಈ ಯಂತ್ರಗಳೇ ಬೇಕಾಗಿಲ್ಲ.

ಮಂಡ್ಯ ಕಬ್ಬು: ನಿಮ್ಮ ತೋಟಕ್ಕೆ ಹಾವು ಬಂದರೆ ತಿಳಿಯುತ್ತದೆ. ಕತ್ತರಿಸಿ ಬಿಟ್ಟರೂ ಅದು ಹೊದಿಕೆಯೇ ಅಲ್ಲವೇ?

ಸಾವಯವ ಮಿತ್ರ: ಡೀಸೆಲ್ ಸುಟ್ಟು ಮಾಡುವ ಹೊದಿಕೆ ಎಂಥದ್ದು?

ಮೆಕ್ಯಾನಿಕ್: ಈ ಜಗಳವನ್ನು ಬೇರೆ ಕಡೆ ಮಾಡಿ. ಶ್ರೀನಿವಾಸಪುರದವರೇ, ಒಂದು ಬ್ಲೇಡ್ ಮಾತ್ರ ಬದಲಿಸಬಾರದು, ಜೋಡಿಯಾಗಿಯೇ ಬದಲಿಸಬೇಕು, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕು. ಗೇರ್‌ಬಾಕ್ಸ್ ಒಂದಕ್ಕೆ ಒಂದೂವರೆ ಎಂದಿಟ್ಟುಕೊಂಡರೆ ಪಿಟಿಒ 540 ಸುತ್ತಿದಾಗ ಬ್ಲೇಡು ನಿಮಿಷಕ್ಕೆ 810 ಸುತ್ತುತ್ತದೆ. ಐದು ಅಡಿ ಸ್ಲಾಶರಿನಲ್ಲಿ ಅದರ ತುದಿಯ ವೇಗ ಗಂಟೆಗೆ ಸುಮಾರು 230 ಕಿಲೋಮೀಟರ್. ತುದಿಯ ಹತ್ತಿರ ಬರೀ 50 ಗ್ರಾಂ ವ್ಯತ್ಯಾಸ ಇದ್ದರೂ ಶಾಫ್ಟನ್ನು ಒಂದು ಕಡೆಗೆ ಸುಮಾರು 25 ಕಿಲೋ ಭಾರ ಎಳೆದಂತೆ ಆಗುತ್ತದೆ, ಅದೂ ಸೆಕೆಂಡಿಗೆ ಹದಿಮೂರು ಸಲ ದಿಕ್ಕು ಬದಲಿಸುತ್ತ. ನಡುಕಕ್ಕೆ ಅದೇ ಕಾರಣ. ಹಾಗೇ ಓಡಿಸಿದರೆ ಬೇರಿಂಗ್, ಸೀಲ್, ಕೊನೆಗೆ ಮೇಲಿನ ತಗಡಿನ ಬೆಸುಗೆ ಎಲ್ಲವೂ ಹೋಗುತ್ತವೆ.

ಕಮ್ಮಾರರ ಕೈಚಳಕದ ಬಗ್ಗೆ ನನಗೆ ಗೌರವ ಇದೆ, ಕುಡ ಮತ್ತು ಕುಂಟೆಯ ತಾಳುಗಳನ್ನು ನಾನೂ ಅವರಲ್ಲೇ ಮಾಡಿಸುತ್ತೇನೆ. ಆದರೆ ಪಟ್ಟಿಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಅದು ಗಾಜಿನ ಸ್ವಭಾವಕ್ಕೆ ಬರುತ್ತದೆ. ಕಲ್ಲಿಗೆ ಹೊಡೆದಾಗ ಕಂಪನಿಯ ಬ್ಲೇಡ್ ಬಾಗುತ್ತದೆ, ಇದು ಸಿಡಿಯುತ್ತದೆ. ಬ್ಲೇಡಿಗೆ ಬೆಸುಗೆ ಹಾಕುವುದೂ ಬೇಡ. ಹರಿತ ಮಾಡುವಾಗ ಮೊದಲಿನ ಕೋನದಲ್ಲೇ ಉಜ್ಜಿ; ಅಂಚು ಒಂದೂವರೆ ಮಿಲಿಮೀಟರ್ ದಪ್ಪ ಇರಲಿ. ಪೊದೆ ಕತ್ತರಿಸುವ ಬ್ಲೇಡಿಗೆ ಕ್ಷೌರದ ಕತ್ತಿಯ ಹರಿತ ಹಾಕಿದರೆ ಅಂಚು ಚಕ್ಕೆ ಏಳುತ್ತದೆ.

ಗೋಕಾಕ ಕಬ್ಬು: ಪುಸ್ತಕದ ಮಾತು.

ಮೆಕ್ಯಾನಿಕ್: ತುಂಡಾದ ಬ್ಲೇಡ್ ನನ್ನ ಅಂಗಡಿಯ ಗೋಡೆಗೆ ನೇತುಹಾಕಿದ್ದೇನೆ. ಬಂದು ನೋಡಿ.

ಸಕಲೇಶಪುರ ಕಾಫಿ: ಲಂಟಾನ ಪೊದೆ ಕತ್ತರಿಸಲು ಎಷ್ಟು ಎಚ್‌ಪಿ ಬೇಕು? ಯಾವ ಕಂಪನಿಯದು ಒಳ್ಳೆಯದು?

ಹಿರಿಯೂರು ದಾಳಿಂಬೆ: ಸಬ್ಸಿಡಿ ಎಷ್ಟು ಸಿಗುತ್ತದೆ ಸರ್?

ಮೆಕ್ಯಾನಿಕ್: ಸಬ್ಸಿಡಿ ವಿಷಯವನ್ನು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಶಿಗ್ಗಾವಿ ಯುವಕ: ಸರ್, 10.9 ಸಿಗುತ್ತಿದೆ, 8.8 ಸಿಗುತ್ತಿಲ್ಲ. ಸದ್ಯಕ್ಕೆ ಹಾಕಲೇ?

ಮೆಕ್ಯಾನಿಕ್: 8.8 ಸಿಗುವವರೆಗೆ ಯಂತ್ರ ನಿಲ್ಲಿಸಿ. ಇದು ಮೂರನೆಯ ಸಲ. ಇನ್ನು ಈ ಪ್ರಶ್ನೆಗೆ ಉತ್ತರಿಸುವುದಿಲ್ಲ.

ಮಂಡ್ಯ ಕಬ್ಬು: ಅಷ್ಟು ಸಿಟ್ಟು ಏಕೆ ಸರ್? ಗೊತ್ತಿಲ್ಲದವರು ಕೇಳುತ್ತಾರೆ.

ಮೆಕ್ಯಾನಿಕ್: ಕೇಳಲಿ. ಉತ್ತರವನ್ನು ಓದಲಿ. ಗ್ರೀಸ್ ತುಂಬುವ ಸಂದೇಶವನ್ನು ನೀವು ಇನ್ನೂ ಅಳಿಸಿಲ್ಲ.

ಅಡ್ಮಿನ್: ಅಳಿಸಿದ್ದೇನೆ. ಕಳೆ ಬೇಕೇ ಬೇಡವೇ ಎಂಬ ಚರ್ಚೆಯನ್ನೂ ಇಲ್ಲಿಗೆ ನಿಲ್ಲಿಸಿ.

ಚನ್ನಗಿರಿ ಅಡಿಕೆ: ಸರ್, ತಮ್ಮ ಬಯಲಿನಲ್ಲಿ ಪರೀಕ್ಷೆ ಮಾಡಿದ. ಪಿಟಿಒ ತೆಗೆದಾಗ ತಕ್ಷಣ ನಿಂತಿತು, ಹಾಕಿದಾಗ ತಳ್ಳಿತು. ನೀವು ಹೇಳಿದ್ದೇ ನಿಜ. ಶಿವಮೊಗ್ಗದ ಅಂಗಡಿಯೊಂದರಲ್ಲಿ ಆ ಭಾಗ ತರಿಸಿಕೊಡುತ್ತೇವೆ ಎಂದಿದ್ದಾರೆ. ಏನು ಅಳತೆ ಹೇಳಬೇಕು?

ಮೆಕ್ಯಾನಿಕ್: ಒಳ್ಳೆಯದಾಯಿತು. ಟ್ರ್ಯಾಕ್ಟರಿನ ಪಿಟಿಒ ಹಲ್ಲು ಎಣಿಸಿ, ವ್ಯಾಸ ಅಳೆಯಿರಿ. ಸಾಮಾನ್ಯವಾಗಿ ಆರು ಹಲ್ಲು, 35 ಮಿಲಿಮೀಟರ್ ಇರುತ್ತದೆ. ಆದರೂ ಅಳೆದೇ ಹೇಳಿ. ಆ ಭಾಗ ಕೂತ ಮೇಲೆ ಜೋಡಣೆ ಕೆಲವು ಇಂಚು ಉದ್ದವಾಗುತ್ತದೆ. ಆಗ ಹಳೆಯ ಪಿಟಿಒ ಶಾಫ್ಟ್ ಉದ್ದ ಹೆಚ್ಚಾಗಿ, ಸ್ಲಾಶರ್ ಎತ್ತಿ ಇಳಿಸುವಾಗ ಒಳಗೆ ತಗುಲಿ ಟ್ರ್ಯಾಕ್ಟರಿನ ಹಿಂಬದಿ ಬೇರಿಂಗನ್ನು ಗುದ್ದುತ್ತದೆ. ಸ್ಲಾಶರನ್ನು ಮೆಲ್ಲಗೆ ಎತ್ತಿ ಇಳಿಸಿ, ಶಾಫ್ಟ್ ಅತಿ ಗಿಡ್ಡವಾಗುವ ಜಾಗದಲ್ಲಿ ಕನಿಷ್ಠ ಒಂದು ಇಂಚು ಬಿಡುವು ಇರುವಂತೆ ಗುರುತು ಹಾಕಿ. ಒಳಗಿನ ಕೊಳವೆ, ಹೊರಗಿನ ಕೊಳವೆ, ಎರಡರ ಪ್ಲಾಸ್ಟಿಕ್ ಕವಚ, ಎಲ್ಲವನ್ನೂ ಸಮನಾಗಿ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ಗ್ರೀಸ್ ಹಚ್ಚಿ ಜೋಡಿಸಿ. ಅತಿ ಉದ್ದವಾದಾಗ ಕೊಳವೆಗಳು ಕನಿಷ್ಠ ಮೂರನೆಯ ಒಂದು ಭಾಗ ಒಂದರೊಳಗೊಂದು ಇರಬೇಕು. ಜೋಡಿಸುವಾಗ ಎರಡೂ ಕಡೆಯ ಯೋಕುಗಳು (ಕೊಳವೆಯ ತುದಿಯ ಕವಲುಗಳು) ಒಂದೇ ನೇರಕ್ಕೆ ಇರಲಿ, ಇಲ್ಲದಿದ್ದರೆ ಹೊಸದೊಂದು ನಡುಕ ಶುರುವಾಗುತ್ತದೆ. ಪ್ಲಾಸ್ಟಿಕ್ ಕವಚ ಕಿತ್ತು ಎಸೆಯಬೇಡಿ. ತಮ್ಮ ಪಂಚೆ ಉಟ್ಟು ಓಡಿಸುತ್ತಾನಾದರೆ ಪ್ಯಾಂಟು ಹಾಕಿಕೊಳ್ಳಲು ಹೇಳಿ. ಎಲ್ಲ ಆದ ಮೇಲೆ ಅದೇ ಬಯಲಿನಲ್ಲಿ ಅದೇ ಪರೀಕ್ಷೆಯನ್ನು ಮತ್ತೆ ಮಾಡಿ, ಏನಾಯಿತೆಂದು ನನಗೆ ತಿಳಿಸಿ.