ಮೂರು ಸಲ ದಿವಾಳಿ, ಐದು ಸಲ ಪ್ರೀಮಿಯರ್

ಮೂರ್ತಿಯ ಮಗ ಸಿಡ್ನಿಯಿಂದ ಬರುವಾಗ ಐದು ಡಾಲರಿನ ಒಂದು ನೋಟು ತಂದಿದ್ದ. 2001ರದ್ದು. ಮೇಲೆ ಬಿಳಿ ಗಡ್ಡದ ಮುದುಕ. ಬೈಟು ಕಾಫಿ ಬರುವಷ್ಟರಲ್ಲಿ ನೋಟು ಮೂವರ ಕೈಯನ್ನೂ ಸುತ್ತಿತು.

"ಯಾವ ಮಠದ ಸ್ವಾಮಿಗಳೋ ಇವರು?" ಶೀನಣ್ಣ ಕೇಳಿದ.

"ಹೆನ್ರಿ ಪಾರ್ಕ್ಸ್," ನಾನು ಹೇಳಿದೆ. "ಪೇಪರ್ ನಡೆಸಿ ಕೈ ಸುಟ್ಟುಕೊಂಡವನು."

ಶೀನಣ್ಣನ ಕಿವಿ ನೆಟ್ಟಗಾಯಿತು. ಅವನೂ ಒಂದು ಕಾಲಕ್ಕೆ ಪಾಕ್ಷಿಕ ನಡೆಸಿದವನೇ. 'ಚಂದಾ ಬಾಕಿ' ಅಂದರೆ ಈಗಲೂ ಬಿಪಿ ಏರುತ್ತದೆ.

"ಇಂಗ್ಲೆಂಡಲ್ಲಿ ಆನೆದಂತದ ಕೆಲಸ ಮಾಡ್ತಿದ್ದ. 1839ರಲ್ಲಿ ಸಿಡ್ನಿಗೆ ಬಂದ. ಆಟಿಕೆ ಅಂಗಡಿ ಇಟ್ಟ. 1850ರಲ್ಲಿ 'ಎಂಪೈರ್' ಅಂತ ಪೇಪರ್ ಶುರು ಮಾಡಿದ. ಬರೆಯೋದೂ ಅವನೇ, ನಡೆಸೋದೂ ಅವನೇ. 1858ಕ್ಕೆ ಬಾಗಿಲು ಹಾಕಿದ."

"ಸಾಲ ಎಷ್ಟು?"

"ಸುಮಾರು 50 ಸಾವಿರ ಪೌಂಡ್."

ಶೀನಣ್ಣ ನೆಮ್ಮದಿಯಿಂದ ಕಾಫಿ ಹೀರಿದ. "ನಾನು ಪ್ರೆಸ್ಸಿಗೆ ಕೊಡಬೇಕಾಗಿದ್ದು 18 ಸಾವಿರ ರೂಪಾಯಿ. ಅದಕ್ಕೇ ನಮ್ಮಾಕೆ ಇವತ್ತಿಗೂ ಆಡ್ಕೋತಾಳೆ."

"ಪೂರ್ತಿ ಕೇಳು. 1870ರಲ್ಲಿ ಮತ್ತೆ ದಿವಾಳಿ. 1872ರಲ್ಲಿ, ಸಿಡ್ನಿ ಇರೋ ನ್ಯೂ ಸೌತ್ ವೇಲ್ಸ್ ಪ್ರಾಂತ್ಯಕ್ಕೆ ಪ್ರೀಮಿಯರ್!"

"ಅಂದ್ರೆ?"

"ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಒಂದಲ್ಲ, ಐದು ಸಲ. 1887ರಲ್ಲಿ ಮೂರನೇ ಸಲ ಮುಳುಗಿದಾಗ ಕುರ್ಚಿ ಮೇಲೇ ಕೂತಿದ್ದ."

"ಮನೆಗೆ ಮಾರಿ, ಊರಿಗೆ ಉಪಕಾರಿ ಅಂದ್ರೆ ಇವನೇ! ಬಜೆಟ್ ಓದುವಾಗ ಯಾರೂ ನಗಲಿಲ್ವಾ?"

"ಖಜಾನೆಗೆ ಬೇರೆ ಮಂತ್ರಿ ಇರ್ತಿದ್ರು."

"ಜಾಣರಪ್ಪ!"

ಮೂರ್ತಿಗೆ ಮಾತ್ರ ಈ ತಮಾಷೆ ಹಿಡಿಸಲಿಲ್ಲ. ಮಗ ಇರೋ ಊರಲ್ವಾ, ಅಭಿಮಾನ. "ಸುಮ್ನೆ ಆಡ್ಕೋಬೇಡಿ. ಫ್ಲಾರೆನ್ಸ್ ನೈಟಿಂಗೇಲ್‌ಗೆ ಕಾಗದ ಬರೆದು ಸಿಡ್ನಿಗೆ ನರ್ಸ್‌ಗಳನ್ನ ಕರೆಸಿದ್ದು ಇವನೇ. 1868ರಲ್ಲಿ ಬಂದ್ರು. 1880ರ ಶಾಲಾ ಕಾನೂನೂ ಇವನದೇ. 1889ರಲ್ಲಿ ಟೆಂಟರ್‌ಫೀಲ್ಡ್ ಅನ್ನೋ ಊರಲ್ಲಿ ಭಾಷಣ ಮಾಡಿ, ಆಸ್ಟ್ರೇಲಿಯಾದ ಬ್ರಿಟಿಷ್ ಕಾಲೊನಿಗಳೆಲ್ಲ ಸೇರಿ ಒಂದೇ ದೇಶ ಆಗಲಿ ಅಂದ. 1901ರಲ್ಲಿ ಒಂದಾದ್ವು. ನೂರು ವರ್ಷ ತುಂಬಿದ್ದಕ್ಕೇ ಈ ನೋಟು."

"ಒಂದಾಗಿದ್ದನ್ನ ನೋಡಿದ್ನಾ?"

"ಇಲ್ಲ. 1896ರಲ್ಲೇ ಹೋದ. ಹೋಗೋ ಮುಂಚೆ, ಎಂಬತ್ತು ತುಂಬಿದ ಮೇಲೆ, ಮೂರನೇ ಮದುವೆ ಆದ."

ಶೀನಣ್ಣ ಕಪ್ಪು ಕೆಳಗಿಟ್ಟ. "ಸಾಲ ಇದ್ದೋನಿಗೆ ಹೆಣ್ಣು ಯಾರು ಕೊಟ್ರೋ?"

ಇದಕ್ಕೆ ಮೂರ್ತಿಯ ಹತ್ತಿರವೂ ಉತ್ತರವಿರಲಿಲ್ಲ. ಬಿಲ್ಲು ಬಂತು. ಮೂರ್ತಿ ಜೇಬು ತಡಕಿದ. ಪರ್ಸು ಮನೆಯಲ್ಲೇ ಉಳಿದಿತ್ತು. "ಶೀನಣ್ಣ, ಇವತ್ತು ನೀನು ಕೊಟ್ಬಿಡು. ಅಲ್ಲೀವರೆಗೆ ಈ ನೋಟು ಅಡ ಇಟ್ಕೋ."

ಶೀನಣ್ಣ ನೋಟನ್ನು ದೀಪಕ್ಕೆ ಹಿಡಿದು ಆ ಗಡ್ಡವನ್ನು ಒಂದು ಗಳಿಗೆ ನೋಡಿದ. ಆಮೇಲೆ ಮೆಲ್ಲಗೆ ವಾಪಸ್ಸು ಸರಿಸಿದ.

"ಇವನ ಜಾಮೀನು ಮಾತ್ರ ಬೇಡಪ್ಪ."