78ರ ಅಪ್ಪನಿಗೆ ಕೀಮೋ: ಕಡಿಮೆ ಡೋಸ್ ಅಂದ್ರೆ ಕೈಬಿಟ್ಟ ಹಾಗಾ?

ಸಾಗರದ ಮಗಳು:
ಅಪ್ಪನಿಗೆ ಹೊಟ್ಟೆ ಕ್ಯಾನ್ಸರ್, ಲಿವರ್‌ಗೂ ಹರಡಿದೆ. ಆಪರೇಷನ್ ಆಗಲ್ಲ ಅಂದಿದ್ದಾರೆ. ಕೋಲು ಹಿಡಿದು ಈಗಲೂ ತೋಟಕ್ಕೆ ಒಂದು ಸುತ್ತು ಹೋಗಿ ಬರುತ್ತಾರೆ. ಊಟ ಮಾತ್ರ ನಾಲ್ಕು ತುತ್ತಿಗೇ ಸಾಕು. ಡಾಕ್ಟರು ಆಕ್ಸಾಲಿಪ್ಲಾಟಿನ್ ಡ್ರಿಪ್, ಕ್ಯಾಪೆಸಿಟಾಬಿನ್ ಮಾತ್ರೆ, ಎರಡೂ 60 ಪರ್ಸೆಂಟ್ ಡೋಸ್‌ನಲ್ಲಿ ಕೊಡೋಣ ಅಂದರು. ಬೆಂಗಳೂರಿನ ತಮ್ಮ "ವಯಸ್ಸಾಯ್ತು ಅಂತ ಕಾಟಾಚಾರಕ್ಕೆ ಕೊಡ್ತಿದಾರೆ, ಫುಲ್ ಡೋಸ್ ಕೇಳು" ಅಂತಾನೆ. ಅಮ್ಮ "ಏನೂ ಬೇಡ" ಅಂತಾರೆ. ಅಪ್ಪನಿಗೆ ಹುಣ್ಣು ಅಂತ ಹೇಳಿದ್ದೇವೆ. ಏನು ಮಾಡಲಿ?

ಡೇಕೇರ್ ನರ್ಸ್:
ಕಾಟಾಚಾರ ಅಲ್ಲ ಮೇಡಂ. ಬ್ರಿಟನ್‌ನಲ್ಲಿ ಗೋ2 ಅಂತ ಟ್ರಯಲ್ ಆಗಿತ್ತು, 2021ರಲ್ಲಿ ಪ್ರಕಟವಾಯಿತು. ಹೊಟ್ಟೆ, ಅನ್ನನಾಳದ ಕ್ಯಾನ್ಸರ್ ಇದ್ದ, ವಯಸ್ಸಾದ, ನಿತ್ರಾಣರಾದ 514 ಜನ. ಇದೇ ಎರಡು ಔಷಧ. ಕೆಲವರಿಗೆ ಪೂರ್ತಿ, ಕೆಲವರಿಗೆ 80, ಕೆಲವರಿಗೆ 60 ಪರ್ಸೆಂಟ್. 60ರವರಲ್ಲೂ ಕಾಯಿಲೆ ಹೆಚ್ಚುಕಮ್ಮಿ ಅಷ್ಟೇ ಕಾಲ ಹತೋಟಿಯಲ್ಲಿತ್ತು. ಬದುಕಿದ ಕಾಲವೂ ಏಳೂವರೆ ತಿಂಗಳ ಆಸುಪಾಸು, ಪೂರ್ತಿ ಡೋಸ್‌ನವರಿಗೂ 60ರವರಿಗೂ. ಸುಸ್ತು, ಭೇದಿ, ಜೋಮು ಕಡಿಮೆ ಡೋಸ್‌ನವರಿಗೆ ಕಡಿಮೆ. ತಮ್ಮನಿಗೆ ಇದನ್ನೇ ಹೇಳಿ. ಏಳೂವರೆ ತಿಂಗಳು ಅನ್ನೋದು ನಡುವಿನ ಲೆಕ್ಕ (ಅರ್ಧ ಜನ ಅದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ), ನಿಮ್ಮ ತಂದೆಯ ಲೆಕ್ಕ ಅಲ್ಲ.

ಬಯಾಪ್ಸಿಯಲ್ಲಿ ಹರ್2 ಪರೀಕ್ಷೆ (ಕ್ಯಾನ್ಸರ್ ಕಣದ ಮೇಲೆ ಆ ಹೆಸರಿನ ಪ್ರೋಟೀನ್ ಜಾಸ್ತಿ ಇದೆಯಾ ಅಂತ ನೋಡೋದು) ಆಗಿದೆಯಾ ಕೇಳಿ. ಪಾಸಿಟಿವ್ ಬಂದರೆ ಆ ಪ್ರೋಟೀನನ್ನೇ ಗುರಿಯಿಡುವ ಟ್ರಾಸ್ಟುಜುಮ್ಯಾಬ್ ಅನ್ನೋ ಔಷಧ ಸೇರಿಸುವ ದಾರಿ ಇದೆ. ಕ್ಯಾಪೆಸಿಟಾಬಿನ್‌ಗೆ ಕಿಡ್ನಿ ಚೆನ್ನಾಗಿರಬೇಕು, ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ. ಮಾತ್ರೆ ಊಟವಾದ ಅರ್ಧ ಗಂಟೆಯೊಳಗೆ. ಭೇದಿ ಜಾಸ್ತಿಯಾದರೆ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಫೋನ್ ಮಾಡಿ. ಜ್ವರ 100.4 ದಾಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಡ್ರಿಪ್ ಆದ ಮೇಲೆ ಕೆಲವು ದಿನ ತಣ್ಣೀರು ಮುಟ್ಟಿದರೆ ಬೆರಳು ಚುರುಗುಟ್ಟುತ್ತೆ, ಗಂಟಲು ಹಿಡಿಯುತ್ತೆ. ಮಲೆನಾಡಿನ ಚಳಿ ಬೇರೆ. ಬಚ್ಚಲ ಹಂಡೆ ಬಿಸಿ ಇರಲಿ, ಕುಡಿಯೋಕೂ ಬಿಸಿನೀರೇ.

ಕೋಲಾರದ ಸೊಸೆ:
ನಮ್ಮ ಅತ್ತೆ ಕೀಮೋನೇ ಬೇಡ ಅಂದರು. ಅದೂ ಒಂದು ಆಯ್ಕೆಯೇ, ಅಮ್ಮನ ಮಾತನ್ನು ತಳ್ಳಿಹಾಕಬೇಡಿ. ಹೊಟ್ಟೆಯಿಂದ ಕರುಳಿಗೆ ಹೋಗುವ ದಾರಿ ಕಟ್ಟಿಕೊಂಡಾಗ ಎಂಡೋಸ್ಕೋಪಿ ಮಾಡಿ ಸ್ಟೆಂಟ್ (ದಾರಿ ತೆರೆದಿಡುವ ಸಣ್ಣ ಕೊಳವೆ) ಹಾಕಿದರು, ರಾಗಿ ಗಂಜಿ ಇಳಿಯಿತು. ನೋವಿಗೆ ಮಾರ್ಫಿನ್ ಮಾತ್ರೆ, ಮಲ ಗಟ್ಟಿಯಾಗದಂತೆ ಜೊತೆಗೊಂದು ಸಿರಪ್. ಮಾರ್ಫಿನ್ ಅಂದ್ರೆ ಕೊನೆಗಾಲ ಅಂತ ನಮ್ಮ ನೆಂಟರೆಲ್ಲ ಹೆದರಿಸಿದ್ರು, ಸುಮ್ನೆ. ಕೀಮೋ ಕೊಟ್ಟರೂ ಬಿಟ್ಟರೂ ಪ್ಯಾಲಿಯೇಟಿವ್ ಡಾಕ್ಟರನ್ನು, ಅಂದ್ರೆ ನೋವು, ಸಂಕಟ ಕಡಿಮೆ ಮಾಡೋ ಡಾಕ್ಟರನ್ನು, ಈಗಲೇ ನೋಡಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಆ ವಿಭಾಗ ಇದೆ. ಮತ್ತೆ, ಹುಣ್ಣು ಅಂತ ಹೇಳಿ ಕೀಮೋ ಕೊಡಿಸೋದು ಸರಿಯಲ್ಲ ಅಲ್ವಾ?

ಸಾಗರದ ಮಗಳು:
ನಿನ್ನೆ ಅಪ್ಪನಿಗೆ ಹೇಳಿದೆ. "ಹುಣ್ಣಿಗೆ ಯಾರಾದ್ರೂ ಇಷ್ಟು ಸ್ಕ್ಯಾನ್ ಮಾಡಿಸ್ತಾರೇನೇ?" ಅಂದರು. ಸಣ್ಣ ಡೋಸೇ ಸಾಕಂತೆ. ತೋಟದ ಸುತ್ತು ತಪ್ಪಿದರೆ ನಿಲ್ಲಿಸಬೇಕಂತೆ. ತಮ್ಮ ಇನ್ನೂ ಮುನಿಸಿಕೊಂಡಿದ್ದಾನೆ. ಒಂದು ವಿಷಯ: ಅಪ್ಪನಿಗೆ ಶುಗರ್ ಇದೆ, ಪಾದ ಈಗಲೇ ಜೋಮು. ತೊಂದರೆಯಾ?

ಡೇಕೇರ್ ನರ್ಸ್:
ಹೌದು, ಮೊದಲ ಡ್ರಿಪ್‌ಗೆ ಮುಂಚೆಯೇ ಡಾಕ್ಟರಿಗೆ ಹೇಳಿ. ಆಕ್ಸಾಲಿಪ್ಲಾಟಿನ್ ಜೋಮನ್ನು ಹೆಚ್ಚಿಸುತ್ತದೆ. ಡೋಸ್ ಇನ್ನೂ ಇಳಿಸಬಹುದು, ಇಲ್ಲವೇ ಬರೀ ಮಾತ್ರೆ ಕೊಡಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತಗೊಳ್ತಿದ್ದರೆ ಅದನ್ನೂ ಹೇಳಿ. ಮನೆಯ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡೇ ಹೋಗಿ.